ಮಾಡದೆ ಬಿಟ್ಟದ್ದು: ಕ್ರೈಸ್ತ ನಂಬಿಕೆಯಲ್ಲಿ ಪಾಪದ ಇನ್ನೊಂದು ಲೆಕ್ಕ



ಧರ್ಮದ ವಿಷಯವನ್ನು ಎಲ್ಲ ಮತದವರೂ ಒಟ್ಟಿಗೆ ಕೂತು ಕೇಳುವಂತಿರಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯವೆಂದು ಸಂಚಾಲಕರು ತಿಳಿಸಿದ್ದಾರೆ. ಹಾಗಾಗಿ ಇಂದು ನಾನು ಮಾಡಹೊರಟಿರುವುದು ಪ್ರಬೋಧನೆಯಲ್ಲ. ನಾನು ಗುರುವೂ ಅಲ್ಲ, ಸಭಾಪಾಲಕನೂ ಅಲ್ಲ. ಭಾನುವಾರ ಬೆಂಚಿನ ಮೇಲೆ ಕೂತು ಕೇಳುವವರಲ್ಲಿ ಒಬ್ಬ. ಅಲ್ಲಿ ಕೇಳಿದ್ದನ್ನು ವಾರದ ಉಳಿದ ಆರು ದಿನಗಳ ಎದುರಿಗಿಟ್ಟು ನೋಡುವ ಪ್ರಯತ್ನ ಇದು.

ಕ್ರೈಸ್ತರ ಪಾಪಕಲ್ಪನೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಆದಾಮ, ಹವ್ವ, ನಿಷೇಧಿತ ಹಣ್ಣು ಮತ್ತು ಸಿನಿಮಾಗಳಲ್ಲಿ ಕಾಣುವ ಪಾಪನಿವೇದನೆಯ ಪೆಟ್ಟಿಗೆ. ಒಳಗಿನವರಾದ ನಮಗೆ ಒಂದು ಪಟ್ಟಿ ನೆನಪಾಗುತ್ತದೆ: ಕುಡಿದದ್ದು, ಸುಳ್ಳು ಹೇಳಿದ್ದು, ಕೆಟ್ಟ ಮಾತಾಡಿದ್ದು, ಭಾನುವಾರದ ಪೂಜೆ ತಪ್ಪಿಸಿದ್ದು. ಪೂಜೆ ತಪ್ಪಿಸಿದ್ದೊಂದನ್ನು ಬಿಟ್ಟರೆ ಇವೆಲ್ಲ ನಾವು ಮಾಡಿದ ಕೆಲಸಗಳು. ಈ ಪಟ್ಟಿ ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧದಲ್ಲಿ ನಾವು ಮಾಡಬೇಕಾಗಿದ್ದೂ ಮಾಡದೆ ಬಿಟ್ಟ ಕೆಲಸಗಳಿವೆ. ನಮ್ಮ ಕಾಲದ ದೊಡ್ಡ ನೈತಿಕ ಪ್ರಶ್ನೆಗಳು ಹೆಚ್ಚಾಗಿ ಬಿದ್ದಿರುವುದು ಈ ಎರಡನೆಯ ಅರ್ಧದಲ್ಲಿ ಎಂಬುದು ನನ್ನ ವಾದ.

ಇದು ನಾನು ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ ಸಭೆಯ 1552ರ ಪ್ರಾರ್ಥನಾ ಪುಸ್ತಕದಲ್ಲಿ ಇಡೀ ಸಭೆ ಒಟ್ಟಾಗಿ ಹೇಳುವ ಪಾಪನಿವೇದನೆಯೊಂದಿದೆ. ಅದರಲ್ಲಿ ಮಾಡದೆ ಬಿಟ್ಟದ್ದರ ಮಾತು ಮೊದಲು ಬರುತ್ತದೆ, ಮಾಡಬಾರದ್ದನ್ನು ಮಾಡಿದ್ದರ ಮಾತು ಆಮೇಲೆ. ಕಥೋಲಿಕರ ಬಲಿಪೂಜೆಯ ಆರಂಭದಲ್ಲೂ ಎದೆ ತಟ್ಟಿಕೊಂಡು ಪಾಪವನ್ನು ಒಪ್ಪಿಕೊಳ್ಳುವ ಪ್ರಾರ್ಥನೆಯಿದೆ. ಶತಮಾನಗಳ ಕಾಲ ಅದರಲ್ಲಿ ಯೋಚನೆ, ಮಾತು, ಕೃತ್ಯ ಎಂಬ ಮೂರೇ ಇದ್ದವು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1970ರ ಪೂಜಾಗ್ರಂಥದಲ್ಲಿ, ಕರ್ತವ್ಯಲೋಪ ಎಂಬ ನಾಲ್ಕನೆಯದು ಸೇರಿತು. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಕಥೋಲಿಕರು ಪ್ರತಿ ವಾರ ಬಾಯಿಬಿಟ್ಟು ಹೇಳುತ್ತಿರುವ ಮಾತಿದು. ನಾವು ಅದನ್ನು ಕೇಳಿಸಿಕೊಂಡಿದ್ದೇವೆಯೇ ಎಂಬುದು ಪ್ರಶ್ನೆ.

1. ಕಳ್ಳರ ವಿಷಯ ಏಕೆ ಇಲ್ಲ?

ಯೇಸುವಿನ ಸಾಮತಿಗಳನ್ನು, ಅಂದರೆ ದೃಷ್ಟಾಂತ ಕಥೆಗಳನ್ನು, ಈ ದೃಷ್ಟಿಯಿಂದ ಓದಿದರೆ ಆಶ್ಚರ್ಯವಾಗುತ್ತದೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಒಳ್ಳೆಯ ಸಮಾರ್ಯದವನ ಕಥೆಯಿದೆ. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ಘಟ್ಟದ ದಾರಿಯಲ್ಲಿ ಕಳ್ಳರು ಒಬ್ಬನನ್ನು ಬಡಿದು, ಬಟ್ಟೆ ಕಿತ್ತುಕೊಂಡು, ಅರೆಜೀವ ಮಾಡಿ ಹೋಗುತ್ತಾರೆ. ಆ ಮೇಲೆ ಕಥೆಯಲ್ಲಿ ಕಳ್ಳರ ಸುದ್ದಿಯೇ ಇಲ್ಲ. ಅವರನ್ನು ಹಿಡಿದರೇ, ಶಿಕ್ಷೆ ಕೊಟ್ಟರೇ ಎಂದು ಯಾರೂ ಕೇಳುವುದಿಲ್ಲ. ಕಥೆಯ ಕಣ್ಣೆಲ್ಲ ಆ ದಾರಿಯಲ್ಲಿ ನಡೆದುಹೋದ ಇಬ್ಬರ ಮೇಲೆ: ಒಬ್ಬ ಯಾಜಕ, ಒಬ್ಬ ಲೇವಿಯ, ಅಂದರೆ ದೇವಾಲಯದ ಸೇವಕ. ಇಬ್ಬರೂ ಗಾಯಾಳುವಿನ ಕೂದಲನ್ನೂ ಕೊಂಕಿಸಲಿಲ್ಲ. ಅವನನ್ನು ನೋಡಿದರು, ರಸ್ತೆಯ ಆಚೆ ಬದಿಗೆ ಸರಿದರು, ಮುಂದೆ ಹೋದರು.

ಅದೇ ಸುವಾರ್ತೆಯ ಹದಿನಾರನೆಯ ಅಧ್ಯಾಯದ ಧನಿಕನನ್ನು ನೋಡಿ. ಅವನ ಮನೆಬಾಗಿಲಲ್ಲಿ ಹುಣ್ಣು ತುಂಬಿದ ಮೈಯ ಲಾಜರ ಬಿದ್ದಿರುತ್ತಾನೆ. ಧನಿಕ ಅವನನ್ನು ಬೈದನೆಂದು ಕಥೆ ಹೇಳುವುದಿಲ್ಲ, ಬಾಗಿಲಿಂದ ಓಡಿಸಿದನೆಂದೂ ಹೇಳುವುದಿಲ್ಲ. ಅವನ ಸಂಪತ್ತು ಅನ್ಯಾಯದ್ದೆಂಬ ಆರೋಪವೂ ಇಲ್ಲ. ದಿನವೂ ಒಳ್ಳೆಯ ಬಟ್ಟೆ ಉಟ್ಟು, ಹಬ್ಬದ ಊಟ ಉಂಡು, ಬಾಗಿಲು ದಾಟಿ ಓಡಾಡಿದ. ಅಷ್ಟಕ್ಕೇ ಅವನಿಗೆ ನರಕ.

ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಂತೂ ಸಾಲಾಗಿ ಮೂರು ಪ್ರಸಂಗಗಳಿವೆ. ಐವರು ಕನ್ಯೆಯರು ದೀಪಕ್ಕೆ ಹೆಚ್ಚಿನ ಎಣ್ಣೆ ತರಲಿಲ್ಲ. ಒಬ್ಬ ಆಳು ಧಣಿ ಕೊಟ್ಟ ಹಣವನ್ನು ಕದಿಯಲಿಲ್ಲ, ಕಳೆಯಲಿಲ್ಲ. ಹೂತಿಟ್ಟು, ಕೇಳಿದಾಗ ಪೂರ್ತಿ ತಂದೊಪ್ಪಿಸಿದ. ಕೊನೆಗೆ ಅಂತಿಮ ತೀರ್ಪಿನ ದೃಶ್ಯದಲ್ಲಿ ಎಡಗಡೆ ನಿಂತವರ ಮೇಲಿನ ಆರೋಪವೂ ಅಂಥದ್ದೇ: ಹಸಿದವನಿಗೆ ಉಣಿಸಲಿಲ್ಲ, ಬಾಯಾರಿದವನಿಗೆ ಕುಡಿಸಲಿಲ್ಲ, ಸೆರೆಯಲ್ಲಿದ್ದವನನ್ನು ನೋಡಲು ಬರಲಿಲ್ಲ. ಮೂರು ಕಡೆಯೂ ಕೃತ್ಯವಿಲ್ಲ, ಲೋಪವಿದೆ. ಎಡಗಡೆಯವರಿಗೆ ತಾವು ತಪ್ಪು ಮಾಡಿದ್ದೇ ಗೊತ್ತಿರುವುದಿಲ್ಲ. ಯಾವಾಗ ನಿನ್ನನ್ನು ಕಂಡೆವು ಎಂದು ಅವರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಮಾಡಿದ ಪಾಪ ಮನಸ್ಸಿನಲ್ಲಿ ಗೀರು ಉಳಿಸುತ್ತದೆ. ಮಾಡದೆ ಬಿಟ್ಟದ್ದು ಅಂಥ ಗುರುತನ್ನೇ ಉಳಿಸುವುದಿಲ್ಲ. ಅದರ ಅಪಾಯ ಇರುವುದು ಅಲ್ಲಿಯೇ.

2. ವಿಧಿ ಮತ್ತು ನಿಷೇಧ

ಮೋಶೆಯ ಹತ್ತು ಆಜ್ಞೆಗಳಲ್ಲಿ ಸಬ್ಬತ್ತನ್ನು ಪಾಲಿಸು, ತಂದೆತಾಯಿಯನ್ನು ಗೌರವಿಸು ಎಂಬ ಎರಡನ್ನು ಬಿಟ್ಟರೆ ಉಳಿದವೆಲ್ಲ 'ಬೇಡ'ಗಳು. ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲೂ ಏಳು 'ಬೇಡ'ಗಳಿವೆ. ನೀತಿಯನ್ನು ನಿಷೇಧದ ರೂಪದಲ್ಲಿ ಹೇಳುವುದು ಸುಲಭ, ನೆನಪಿಡುವುದೂ ಸುಲಭ. ಆದರೆ ನಿಷೇಧಗಳ ಬೇಲಿಯೊಳಗೇ ಇದ್ದೂ ಮನುಷ್ಯ ಲಾಜರನನ್ನು ದಾಟಿಹೋಗಬಲ್ಲ.

ಮಾರ್ಟಿನ್ ಲೂಥರ್ ಇದನ್ನು ಚೆನ್ನಾಗಿ ಅರಿತಿದ್ದ. 1529ರಲ್ಲಿ ಸಾಮಾನ್ಯ ಮನೆಗಳಿಗಾಗಿ ಅವನು ಬರೆದ ಕಿರು ಪ್ರಶ್ನೋತ್ತರಿಯಲ್ಲಿ ಪ್ರತಿ 'ಬೇಡ'ದ ಬೆನ್ನಿಗೆ ಒಂದು 'ಮಾಡು' ಇದೆ. ಕೊಲ್ಲಬೇಡ ಎಂದರೆ ನೆರೆಯವನ ದೇಹದ ಕಷ್ಟದಲ್ಲಿ ನೆರವಾಗು ಎಂದೂ ಅರ್ಥ. ಕದಿಯಬೇಡ ಎಂದರೆ ಅವನ ಜೀವನೋಪಾಯ ಉಳಿಯಲು, ಬೆಳೆಯಲು ಸಹಾಯಮಾಡು ಎಂದೂ ಅರ್ಥ. ಸುಳ್ಳುಸಾಕ್ಷಿ ಹೇಳಬೇಡ ಎಂದರೆ ಅವನ ಹೆಸರಿಗೆ ಮಸಿ ಬಳಿಯುವಾಗ ಅವನ ಪರವಾಗಿ ನಿಲ್ಲು ಎಂದೂ ಅರ್ಥ. ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯ ನಾಲ್ಕನೆಯ ಅಧ್ಯಾಯವಂತೂ ಒಳ್ಳೆಯದು ಯಾವುದೆಂದು ತಿಳಿದೂ ಮಾಡದಿರುವವನದು ಪಾಪವೆಂದು ನೇರವಾಗಿಯೇ ಹೇಳಿಬಿಡುತ್ತದೆ.

ಈ ನೆಲದ ಮೀಮಾಂಸಕರಿಗೂ ಇಂಥ ವಿಚಾರ ಅಪರಿಚಿತವಲ್ಲ. ನಿತ್ಯಕರ್ಮವನ್ನು ಮಾಡದಿದ್ದರೆ ಪ್ರತ್ಯವಾಯ ದೋಷ ಬರುತ್ತದೆಂದು ಅವರು ಹೇಳಿದ್ದಾರೆ. ಅಲ್ಲಿ ಲೋಪ ಆಗುವುದು ವಿಹಿತ ಕರ್ಮಕ್ಕೆ, ಸಾಮತಿಗಳಲ್ಲಿ ಲೋಪ ಆಗುವುದು ಎದುರಿಗೆ ಬಿದ್ದಿರುವ ಮನುಷ್ಯನಿಗೆ. ಯಾಜಕನೂ ಲೇವಿಯನೂ ಬಹುಶಃ ತಮ್ಮ ನಿತ್ಯಕರ್ಮವನ್ನು ಎಂದೂ ತಪ್ಪಿಸಿದವರಲ್ಲ ಎಂಬುದೇ ಆ ಕಥೆಯ ಮೊನೆ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಮಾಡದೆ ಬಿಟ್ಟದ್ದಕ್ಕೆ ಕೊನೆ ಎಲ್ಲಿ? ಜಗತ್ತಿನ ಎಲ್ಲ ಹಸಿವಿಗೂ ನಾನು ಹೊಣೆಯೇ? ಹದಿಮೂರನೆಯ ಶತಮಾನದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ನಿಷೇಧ ಪ್ರತಿ ಕ್ಷಣಕ್ಕೂ ಅನ್ವಯಿಸುತ್ತದೆ. ಯಾವ ಗಳಿಗೆಯಲ್ಲೂ ಕೊಲ್ಲುವಂತಿಲ್ಲ. 'ಮಾಡು' ಎನ್ನುವ ವಿಧಿ ಸದಾ ಜಾರಿಯಲ್ಲಿರುತ್ತದೆ, ಆದರೆ ಪ್ರತಿ ಕ್ಷಣವೂ ಕೆಲಸ ಕೇಳುವುದಿಲ್ಲ. ತಕ್ಕ ಸಮಯ, ತಕ್ಕ ಸ್ಥಳ, ನನ್ನ ಕೈಲಾಗುವಿಕೆ ಕೂಡಿದಾಗ ಅದು ನನ್ನನ್ನು ಹಿಡಿಯುತ್ತದೆ. ಅಂದರೆ ನಾನು ಜಗತ್ತಿನ ಎಲ್ಲ ಗಾಯಾಳುಗಳಿಗೂ ಹೊಣೆಯಲ್ಲ. ನಾನು ನಡೆಯುವ ದಾರಿಯಲ್ಲಿ ಬಿದ್ದವನಿಗೆ ಹೊಣೆ.

3. 'ಬೇಡ' ಎಂದವರ ಹೊಣೆ

ಈ ವಿಚಾರ ಮಣ್ಣಿಗಿಳಿದ ಒಂದು ಸಂದರ್ಭವನ್ನು ಕರಾವಳಿಯಿಂದಲೇ ಹೇಳುತ್ತೇನೆ. ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಮಿಷನ್ನಿನ ಹೆಸರು ಹೇಳಿದರೆ ಕನ್ನಡಿಗರಿಗೆ ಮೊಗ್ಲಿಂಗ್ ಅವರ 1843ರ 'ಮಂಗಳೂರ ಸಮಾಚಾರ', ಕಿಟೆಲ್ ಅವರ 1894ರ ನಿಘಂಟು ನೆನಪಾಗುತ್ತವೆ. ನಾನು ಹೇಳಹೊರಟಿರುವುದು ಪುಸ್ತಕದ ಮಾತಲ್ಲ, ಹೊಟ್ಟೆಪಾಡಿನ ಮಾತು.

ತುಳುನಾಡಿನಲ್ಲಿ ಮಿಷನ್ ಸೇರಿದವರಲ್ಲಿ ಬಿಲ್ಲವರು ಬಹಳ. ಅವರಲ್ಲಿ ಅನೇಕರ ಕುಲಕಸುಬು ಕಳ್ಳು ಇಳಿಸುವ ಮೂರ್ತೆದಾರಿಕೆ. ಮದ್ಯದ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದ ಮಿಷನರಿಗಳು ಆ ಕಸುಬನ್ನು ಬಿಡಬೇಕೆಂದರು. ಕಸುಬು ಹೋಯಿತು; ಜಾತಿಯ ಆಸರೆಯೂ, ಎಷ್ಟೋ ಕಡೆ ಒಕ್ಕಲಿನ ಭೂಮಿಯೂ ಹೋಯಿತು. ಪಾಪ ಬಿಟ್ಟವನ ಮನೆಯಲ್ಲಿ ಒಲೆ ಉರಿಯಲಿಲ್ಲ.

ಬಿಡು ಎಂದು ಹೇಳಿ ಕೈತೊಳೆದುಕೊಂಡಿದ್ದರೆ ಮಿಷನ್ನಿನ ನೀತಿ ಅಲ್ಲಿಗೆ ಸತ್ತುಹೋಗುತ್ತಿತ್ತು. ಆದರೆ ಮಿಷನರಿಗಳು ಬೇಸಾಯ ಮಾಡಿಸಿ ನೋಡಿದರು, ನೇಯ್ಗೆಯ ಕಾರ್ಖಾನೆ ತೆರೆದರು. 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಅವರ ಮುಂದಾಳುತನದಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ನೇತ್ರಾವತಿಯ ಆವೆಮಣ್ಣಿನ ಆ ಕೆಂಪು ಹೆಂಚು ಮಂಗಳೂರು ಹೆಂಚೆಂದು ದೂರ ದೂರದ ಊರುಗಳ ಮಾಡು ಏರಿತು. ಆ ಕಾರ್ಖಾನೆಯ ಹಿಂದೆ ವ್ಯಾಪಾರದ ಲೆಕ್ಕ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದರ ಬುಡದಲ್ಲಿ ಒಂದು ನೈತಿಕ ತರ್ಕವಿತ್ತು: ಒಬ್ಬನಿಗೆ ಬೇಡ ಎಂದವನು ಅವನ ಮುಂದಿನ ಊಟಕ್ಕೂ ಹೊಣೆ.

ಇದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಕೂಲಿ ಕೊಡುವವರು, ಮನೆಜಾಗ ಕೊಟ್ಟವರು, ಪ್ರಭುಭೋಜನಕ್ಕೆ ಯಾರು ಬರಬಹುದೆಂದು ತೀರ್ಮಾನಿಸುವವರು ಮೂವರೂ ಒಬ್ಬರೇ ಆದಾಗ ಕೂಲಿಯವನು ಎದುರು ಮಾತಾಡುವುದು ಹೇಗೆ? ಮಿಷನ್ನಿನ ಪೋಷಣೆಯಲ್ಲಿ ಹಿಡಿತವೂ ಇತ್ತು. ಆದರೂ ಇಂದು ಕುಡಿತದ ವಿರುದ್ಧ, ಬಾಲಕಾರ್ಮಿಕ ಪದ್ಧತಿಯ ವಿರುದ್ಧ, ಸಾಲದ ವಿರುದ್ಧ ಮಾತಾಡುವ ನಾವೆಲ್ಲ ಆ ಹೆಂಚಿನ ಕಾರ್ಖಾನೆಯಿಂದ ಒಂದು ಪ್ರಶ್ನೆಯನ್ನು ಕಲಿಯಬಹುದು: ಬಿಡು ಎಂದ ಮೇಲೆ ನಾವು ಏನು ಕೊಟ್ಟೆವು?

4. ಚಿನ್ನದ ಊರಿನ ಒಣ ಶೌಚಾಲಯ

ಎರಡನೆಯ ಸಂದರ್ಭ ಕೋಲಾರ ಚಿನ್ನದ ಗಣಿ ಪ್ರದೇಶದ್ದು. ಚರ್ಚುಗಳಿಗೆ ಕೊರತೆಯಿಲ್ಲದ ಊರು ಅದು. 1966ರಲ್ಲಿ ಅಲ್ಲಿನ ದಲಿತ ಕ್ರೈಸ್ತ ಕುಟುಂಬವೊಂದರಲ್ಲಿ ಬೆಜವಾಡ ವಿಲ್ಸನ್ ಹುಟ್ಟಿದರು. ತಲೆಮಾರುಗಳಿಂದ ಅವರ ಮನೆಯವರ ಕೆಲಸ ಮಲ ಹೊರುವುದು. 1970ರ ದಶಕದಲ್ಲೇ ಸಚಿವ ಬಿ. ಬಸವಲಿಂಗಪ್ಪನವರು ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದರು. ಆದರೂ ಗಣಿಯ ವಸತಿಗಳಲ್ಲಿ ಒಣ ಶೌಚಾಲಯಗಳು ಉಳಿದಿದ್ದವು, ಅವನ್ನು ಬಳಿಯುವ ಕೈಗಳೂ ಉಳಿದಿದ್ದವು. ಯುವಕ ವಿಲ್ಸನ್ ಅಧಿಕಾರಿಗಳಿಗೆ ಕಾಗದ ಬರೆದರು, ಶೌಚಾಲಯಗಳ ಫೋಟೊ ತೆಗೆದು ಕಳಿಸಿದರು. ಆ ಹೋರಾಟ ಮುಂದೆ ಸಫಾಯಿ ಕರ್ಮಚಾರಿ ಆಂದೋಲನವಾಯಿತು. ಮಲ ಹೊರುವ ಪದ್ಧತಿಯ ವಿರುದ್ಧ ಕೇಂದ್ರದ ಮೊದಲ ಕಾಯಿದೆ ಬಂದದ್ದು 1993ರಲ್ಲಿ. ಅದು ಕಾಗದದಲ್ಲೇ ಇದೆಯೆಂದು ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ಹೊಸ ಕಾಯಿದೆ ಬಂತು. 1993ರಿಂದೀಚೆಗೆ ಚರಂಡಿಗಿಳಿದು ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಕೋರ್ಟು ತೀರ್ಪಿತ್ತಿತು. 2023ರಲ್ಲಿ ಅದೇ ಕೋರ್ಟು ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ.

ಇಲ್ಲಿ ಪಾಪಿ ಯಾರು? ಪಟ್ಟಿ ಹಿಡಿದು ಹುಡುಕಿದರೆ ಯಾರೂ ಸಿಗುವುದಿಲ್ಲ. ಶೌಚಾಲಯ ಬಳಸಿದವರು ಬಳಸಿದರು ಅಷ್ಟೆ. ಗುತ್ತಿಗೆದಾರ ಆಳು ಕಳಿಸಿದ. ಎಂಜಿನಿಯರ್ ಬಿಲ್ಲಿಗೆ ಸಹಿ ಹಾಕಿದ. ಯಾರೂ ಯಾರನ್ನೂ ಕೊಲ್ಲಲಿಲ್ಲ, ಮನುಷ್ಯ ಮಾತ್ರ ಸತ್ತ. ಇಂಥ ಕಡೆಗಳಲ್ಲಿ ವ್ಯಕ್ತಿಗತ ಪಾಪದ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. 1987ರ ವಿಶ್ವಪತ್ರದಲ್ಲಿ ಪೋಪ್ ಎರಡನೇ ಜಾನ್ ಪೌಲ್ ಪಾಪದ ಸಂರಚನೆಗಳ ಬಗ್ಗೆ ಬರೆದದ್ದು ಇಂಥವನ್ನು ಕುರಿತೇ. ಆದರೆ ಸಂರಚನೆ ಎಂಬ ಮಾತಿನ ಹಿಂದೆ ಅಡಗಿ ಕೂರಲು ಅವರು ಬಿಡಲಿಲ್ಲ. ಈ ಸಂರಚನೆಗಳ ಬೇರು ಮನುಷ್ಯರ ಒಬ್ಬೊಬ್ಬರ ಪಾಪದಲ್ಲೇ ಇದೆ ಎಂದರು. ಒಬ್ಬೊಬ್ಬರು ಒಂದೊಂದು ಸಲ ಮಾಡದೆ ಬಿಟ್ಟದ್ದು ಗಟ್ಟಿಯಾಗಿ ವ್ಯವಸ್ಥೆಯಾಗುತ್ತದೆ.

5. ಕೆಲವರ ದೌರ್ಬಲ್ಯ

ಅದು ಹೇಗೆ ಗಟ್ಟಿಯಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಸಭೆಯ ಇತಿಹಾಸ ಪಾಠದಂತಿದೆ. 1857ರಲ್ಲಿ ಅದರ ಸಿನಡ್, ಅಂದರೆ ಆಡಳಿತ ಮಹಾಸಭೆ, ಕರಿಯ ವಿಶ್ವಾಸಿಗಳು ಬಿಳಿಯರ ಸಭೆಗಳಲ್ಲೇ ಸೇರುವುದು ಶಾಸ್ತ್ರಸಮ್ಮತವೆಂದು ಒಪ್ಪಿಕೊಂಡಿತು. ಆದರೆ ಕೆಲವರ ದೌರ್ಬಲ್ಯದಿಂದ ಅದು ತೊಡಕಾದಲ್ಲಿ ಬೇರೆ ಕಟ್ಟಡದಲ್ಲಿ ಆರಾಧನೆ ನಡೆಯಬಹುದೆಂದು ಒಂದು ಬಾಗಿಲು ತೆರೆದಿಟ್ಟಿತು. 1881ರಲ್ಲಿ ಬಿಳಿಯರಲ್ಲದವರಿಗೆ ಬೇರೆ ಸಭೆಯೇ ಆಯಿತು. 1948ರಲ್ಲಿ ವರ್ಣಭೇದ ಸರ್ಕಾರದ ನೀತಿಯಾಯಿತು. ಆ ಬೇರ್ಪಟ್ಟ ಸಭೆಯೇ 1982ರಲ್ಲಿ ವರ್ಣಭೇದ ಪಾಪವೆಂದು ಸಾರಿ, ಬೆಲ್ಹಾರ್ ವಿಶ್ವಾಸಘೋಷಣೆಯನ್ನು ರಚಿಸಿ, 1986ರಲ್ಲಿ ಅಂಗೀಕರಿಸಿತು. ಸರಿ ಯಾವುದೆಂದು 1857ರಲ್ಲೇ ಗೊತ್ತಿತ್ತು. ಮಾಡಲಿಲ್ಲ ಅಷ್ಟೆ.

ನಾವು ಇದನ್ನು ಕೇಳಿ ತಲೆದೂಗಿದರೆ ಸಾಲದು. ಭಾರತದ ಸಭೆಗಳಲ್ಲಿ ಜಾತಿಯ ಪ್ರಕಾರ ಬೇರೆ ಸಾಲು, ಬೇರೆ ಸಮಾಧಿಭೂಮಿ ಇದ್ದದ್ದು ಗುಟ್ಟಲ್ಲ. ಅದೂ ಕೆಲವರ ದೌರ್ಬಲ್ಯದ ಹೆಸರಲ್ಲೇ ನಡೆದದ್ದು. ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ಆಂಗ್ಲಿಕನ್ ಸಭೆಗಳಲ್ಲಿ ಜಾತಿ ಕೂಡದೆಂದು ಆದೇಶ ಹೊರಡಿಸಿದ್ದರು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತ ಸಬಲೀಕರಣ ನೀತಿಯನ್ನು ಪ್ರಕಟಿಸಿ, ಸಭೆಯೊಳಗಿನ ಜಾತಿಭೇದ ಪಾಪವೆಂದು ಒಪ್ಪಿಕೊಂಡದ್ದು 2016ರ ಡಿಸೆಂಬರಿನಲ್ಲಿ. 1950ರ ಪರಿಶಿಷ್ಟ ಜಾತಿಗಳ ಆದೇಶದಿಂದ ದಲಿತ ಕ್ರೈಸ್ತರು ಹೊರಗುಳಿದಿರುವುದು ಅನ್ಯಾಯವೆಂದು ನಾವು ಸರ್ಕಾರವನ್ನು ಕೇಳುತ್ತೇವೆ. ಕೇಳಲೇಬೇಕು. ಸರ್ಕಾರ ತಿರುಗಿ ನಿಮ್ಮ ಸಮಾಧಿಭೂಮಿಯ ಗೋಡೆ ಎಲ್ಲಿದೆ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರಬೇಕು.

ಒಪ್ಪಿಕೊಳ್ಳುವುದರಲ್ಲೂ ಲೋಪವಾಗುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರಿನಲ್ಲಿ, ಜರ್ಮನಿಯ ಪ್ರೊಟೆಸ್ಟೆಂಟ್ ಸಭೆಯ ನಾಯಕರು ಸ್ಟುಟ್‌ಗಾರ್ಟ್‌ನಲ್ಲಿ ಒಂದು ಘೋಷಣೆಗೆ ಸಹಿ ಹಾಕಿದರು.  ನಾಜಿ ಆಳ್ವಿಕೆಯಲ್ಲಿ ಧೈರ್ಯವಾಗಿ ಸಾಕ್ಷಿ ನುಡಿಯಲಿಲ್ಲ, ಪ್ರೀತಿಸಬೇಕಾದಷ್ಟು ಪ್ರೀತಿಸಲಿಲ್ಲ ಎಂದು ತಮ್ಮ ಮೇಲೆ ತಾವೇ ಆರೋಪ ಹೊರಿಸಿಕೊಂಡರು. ಲೋಪದ ಪಾಪವನ್ನು ಒಂದು ಸಭೆ ಬಹಿರಂಗವಾಗಿ ಒಪ್ಪಿಕೊಂಡ ಅಪರೂಪದ ದಾಖಲೆಯದು. ಆದರೆ ಅದರಲ್ಲಿ ಯೆಹೂದಿಗಳ ಹೆಸರೇ ಇಲ್ಲ. ಯಾರಿಗೆ ತಪ್ಪಿತಸ್ಥರೋ ಅವರನ್ನು ಹೆಸರಿಸದ ತಪ್ಪೊಪ್ಪಿಗೆ ಅರ್ಧದಲ್ಲೇ ನಿಲ್ಲುತ್ತದೆ.

6. ನಮ್ಮ ಮನೆ, ನಮ್ಮ ಫೋನು, ನಮ್ಮ ಸಭೆ

ದಿನನಿತ್ಯದ ಮೂರು ವಿಷಯಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ.

ಮೊದಲನೆಯದು ಮೌನ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ದೂರು ಕೊಡದಿರುವುದು ಭಾರತದಲ್ಲಿ 2012ರ ಪೋಕ್ಸೋ ಕಾಯಿದೆಯ ಪ್ರಕಾರ ಅಪರಾಧ. ಪೋಪ್ ಫ್ರಾನ್ಸಿಸ್ ಗುರುಗಳೂ ಕನ್ಯಾಸ್ತ್ರೀಯರೂ ಇಂಥ ವಿಷಯವನ್ನು ಮೇಲಿನವರಿಗೆ ತಿಳಿಸಲೇಬೇಕೆಂದು ನಿಯಮ ತಂದದ್ದು 2019ರಲ್ಲಿ. ಲೋಪವೂ ಪಾಪವೆಂದು ಪ್ರತಿ ವಾರ ಹೇಳುವ ಸಭೆಗಿಂತ ಏಳು ವರ್ಷ ಮೊದಲೇ ನಮ್ಮ ಸಂಸತ್ತು ಅದನ್ನು ಕಾನೂನಿಗೆ ಇಳಿಸಿತ್ತು. ಸಭೆಯ ಹೆಸರು ಕೆಡಬಾರದೆಂದು ಬಾಯಿಮುಚ್ಚಿದವರೆಲ್ಲ ರಸ್ತೆಯ ಆಚೆ ಬದಿಗೆ ಸರಿದವರು.

ಎರಡನೆಯದು ಮನೆ. 1869ರ ವಿಚ್ಛೇದನ ಕಾಯಿದೆಯ ಪ್ರಕಾರ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಸಾಮಾನ್ಯವಾಗಿ ಹೆಂಡತಿಯು ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಮಾಡಬೇಕಿತ್ತು. ಈ ತಾರತಮ್ಯ ಹೋದದ್ದು 2001ರಲ್ಲಿ. ಕಾನೂನು ತಿದ್ದಿದರೂ, ಏಟು ತಿಂದು ಬಂದವಳಿಗೆ ಶಿಲುಬೆ ಹೊತ್ತುಕೊಂಡು ಹೊಂದಿಕೊಂಡು ಹೋಗಮ್ಮ ಎನ್ನುವ ಉಪದೇಶ ನಮ್ಮ ಮನೆಗಳಿಂದ ಹೋಗಿಲ್ಲ. ಆ ಶಿಲುಬೆಯನ್ನು ಅವಳ ಹೆಗಲಿಗೆ ಹೊರಿಸಿದ್ದು ದೇವರಲ್ಲ, ಗಂಡ.

ಮೂರನೆಯದು ಫೋನು. ವಾಟ್ಸಾಪ್ ಗುಂಪಿನಲ್ಲಿ ನೆರೆಯ ಸಮುದಾಯದ ಮೇಲೆ ಸುಳ್ಳೊಂದು ಬರುತ್ತದೆ. ನಾನದನ್ನು ಮುಂದಕ್ಕೆ ಕಳಿಸುವುದಿಲ್ಲ, ಒಳ್ಳೆಯವನೆಂದುಕೊಳ್ಳುತ್ತೇನೆ. ಅದು ಸುಳ್ಳೆಂದು ಗುಂಪಿನಲ್ಲಿ ಹೇಳುವುದೂ ಇಲ್ಲ. ಲೂಥರನ ಪ್ರಶ್ನೋತ್ತರಿಯ ಪ್ರಕಾರ ಸುಳ್ಳುಸಾಕ್ಷಿಯ ಆಜ್ಞೆಯನ್ನು ನಾನು ಅಷ್ಟರಲ್ಲೇ ಮುರಿದಾಯಿತು.

7. ಎರಡು ಲೆಕ್ಕ

ಇಷ್ಟೆಲ್ಲ ಕೇಳಿದ ಮೇಲೆ ಒಂದು ಅನುಮಾನ ಏಳಬಹುದು. ದೇವರು ಕ್ಷಮಿಸುತ್ತಾನೆಂಬುದು ಕ್ರೈಸ್ತ ನಂಬಿಕೆಯ ತಿರುಳಲ್ಲವೇ? ಹೌದು. ಆದರೆ 1937ರಲ್ಲಿ ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಕ್ ಬೊನ್‌ಹೋಫರ್ ಅಗ್ಗದ ಕೃಪೆಯ ಬಗ್ಗೆ ಎಚ್ಚರಿಸಿದ್ದರು. ಬದುಕು ಬದಲಾಗದೆ ಸಿಗುವ ಕ್ಷಮೆ ಸಭೆಯ ವೈರಿ ಎಂಬುದು ಅವರ ವಾದ. 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು.

ಬೆಲೆ ತೆತ್ತ ಪಶ್ಚಾತ್ತಾಪ ಹೇಗಿರುತ್ತದೆಂದು ಲೂಕನ ಹತ್ತೊಂಬತ್ತನೆಯ ಅಧ್ಯಾಯದ ಜಕ್ಕಾಯ ತೋರಿಸುತ್ತಾನೆ. ಜೆರಿಕೋವಿನ ಸುಂಕದ ಮುಖ್ಯಸ್ಥ, ಕುಳ್ಳ, ಮರ ಹತ್ತಿ ಯೇಸುವನ್ನು ನೋಡಿದವನು. ಮಕ್ಕಳಿಗೆ ಈ ಕಥೆ ಹೇಳುವಾಗ ಮರ ಹತ್ತಿದ್ದನ್ನೇ ಹೇಳುತ್ತೇವೆ, ಅವನ ಲೆಕ್ಕವನ್ನು ಬಿಟ್ಟುಬಿಡುತ್ತೇವೆ. ಯೇಸು ಮನೆಗೆ ಬಂದಾಗ ಅವನು ಎದ್ದುನಿಂತು ಎರಡು ಮಾತು ಕೊಡುತ್ತಾನೆ. ಯಾರಿಂದಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸು. ಇದು ಕದ್ದ ಕುರಿಗೆ ಮೋಶೆಯ ಧರ್ಮಶಾಸ್ತ್ರ ವಿಧಿಸಿದ ದಂಡದ ಪ್ರಮಾಣ. ಮಾಡಿದ ಪಾಪದ ಲೆಕ್ಕ ಇಲ್ಲಿಗೆ ಚುಕ್ತಾ. ಆದರೆ ಅದಕ್ಕೂ ಮೊದಲು ಅವನು ಇನ್ನೊಂದು ಮಾತು ಹೇಳಿರುತ್ತಾನೆ: ಆಸ್ತಿಯಲ್ಲಿ ಅರ್ಧ ಬಡವರಿಗೆ. ಈ ಅರ್ಧ ಯಾವ ಮೋಸಕ್ಕೂ ದಂಡವಲ್ಲ. ಆ ಬಡವರಿಂದ ಅವನು ಏನನ್ನೂ ಕಿತ್ತುಕೊಂಡಿಲ್ಲದಿರಬಹುದು. ಅದು ಇಷ್ಟು ವರ್ಷ ಅವರನ್ನು ದಾಟಿ ಓಡಾಡಿದ್ದರ ಲೆಕ್ಕ. ಎರಡೂ ಲೆಕ್ಕಗಳನ್ನು ಒಪ್ಪಿಸಿದ ಮೇಲೆಯೇ ಈ ಮನೆಗೆ ರಕ್ಷಣೆ ಬಂತೆಂದು ಯೇಸು ಹೇಳುವುದು.

ಪಾಪನಿವೇದನೆಗೆ ಮುಂಚೆ ಆತ್ಮಶೋಧನೆ ಮಾಡಿಕೊಳ್ಳುವಾಗ ನಾವು ಮೊದಲ ಲೆಕ್ಕವನ್ನಷ್ಟೇ ಬರೆಯುತ್ತಿದ್ದೇವೆ. ಎರಡನೆಯದನ್ನೂ ಬರೆಯಬೇಕೆಂಬುದೇ ನನ್ನ ಬಿನ್ನಹ: ಈ ವಾರ ನನಗೆ ಗೊತ್ತಿದ್ದದ್ದು ಏನು, ಅದರಲ್ಲಿ ನನ್ನ ಕೈಗೆ ಎಟುಕುವಂತಿದ್ದದ್ದು ಏನು, ಎಟುಕಿದರೂ ಬಿಟ್ಟದ್ದು ಏನು. ಈ ಪ್ರಶ್ನೆಗಳಿಗೆ ಕ್ರೈಸ್ತನಾಗಿರಬೇಕೆಂದಿಲ್ಲ. ಆದರೆ ಕ್ರೈಸ್ತನಾಗಿದ್ದು ಇವನ್ನು ಕೇಳಿಕೊಳ್ಳದಿದ್ದರೆ, ಪ್ರತಿ ಭಾನುವಾರ ಎದೆ ತಟ್ಟಿಕೊಳ್ಳುವುದು ಬರಿಯ ಅಭ್ಯಾಸವಾಗುತ್ತದೆ.